ಹೊಸಬನಿಗೆ ಮೊದಲು ಗದಗದ ಬಾಡಿಗೆ

ಹುಬ್ಬಳ್ಳಿಯ ಕೆಲವು ಲಾರಿ ಮಾಲೀಕರಿಗಾಗಿ ಒಂದು ಸಾಫ್ಟ್‌ವೇರ್ ಬರೆಯುವ ಕೆಲಸ ಬಂದಿತ್ತು. ಒಬ್ಬೊಬ್ಬ ಮಾಲೀಕರಿಗೂ ಒಂದೊಂದು ಏಜೆಂಟ್. ಏಜೆಂಟ್ ಅಂದ ಕೂಡಲೇ ಲಾರಿ ಆಫೀಸಿನವರು ನೆನಪಾಗುತ್ತಾರೆ ಅಲ್ವಾ? ಇದು ಮಾಲೀಕರ ಪರವಾಗಿ ತಾನೇ ಮಾತಾಡಿ, ತಾನೇ ತೀರ್ಮಾನ ಮಾಡುವ ಪ್ರೋಗ್ರಾಂ. ಬ್ಯಾಡಗಿಯಿಂದ ಚೆನ್ನೈಗೆ ಮೆಣಸಿನಕಾಯಿ ಲೋಡ್ ಬಂತು, ನಮ್ಮ ಲಾರಿ ಖಾಲಿ ಇಲ್ಲ ಅಂದುಕೊಳ್ಳಿ. ಆಗ ನಮ್ಮ ಏಜೆಂಟ್ ಉಳಿದ ಏಜೆಂಟ್‌ಗಳನ್ನು ಕೇಳುತ್ತದೆ. ಅವು ತಮ್ಮ ಬಾಡಿಗೆ ಹೇಳುತ್ತವೆ. ನಮ್ಮದು ಒಬ್ಬರನ್ನು ಆರಿಸುತ್ತದೆ. ಈ ಪದ್ಧತಿಯನ್ನು ರೀಡ್ ಸ್ಮಿತ್ ಅನ್ನುವವರು 1980ರಲ್ಲೇ ಕಾಂಟ್ರಾಕ್ಟ್ ನೆಟ್ ಎಂಬ ಹೆಸರಿನಲ್ಲಿ ಬರೆದಿಟ್ಟಿದ್ದಾರೆ. ಅಷ್ಟು ಬರೆಯಲು ಕಷ್ಟವಾಗಲಿಲ್ಲ. ಆದರೆ ಎಲ್ಲರಿಗಿಂತ ಕಡಿಮೆ ಬಾಡಿಗೆ ಹೇಳಿದವನು ಲಾರಿಯನ್ನೇ ಕಳಿಸದಿದ್ದರೆ? ನಾನು ತಿಂಗಳುಗಟ್ಟಲೆ ಕೂತಿದ್ದು ಈ ಪ್ರಶ್ನೆಯ ಮುಂದೆ.

ಮೊದಲು ಸುಮ್ನೆ ಶೇಕಡಾ ಲೆಕ್ಕ ಹಾಕಿದೆ. 100 ಲೋಡಿನಲ್ಲಿ 90 ಸರಿಯಾಗಿ ಮುಟ್ಟಿಸಿದವನಿಗೆ ಶೇ 90. ಒಂದೇ ಒಂದು ಲೋಡ್ ಹಾಕಿ, ಅದು ಸರಿಹೋದವನಿಗೆ ಶೇ 100. ನನ್ನ ಏಜೆಂಟ್ ಎರಡನೆಯವನನ್ನೇ ಆರಿಸಿತು. ಯಾವ ಮಾಲೀಕರೂ ಹೀಗೆ ಮಾಡುವುದಿಲ್ಲ.

2002ರಲ್ಲಿ ಯೋಸಾಂಗ್ ಮತ್ತು ಇಸ್ಮಾಯಿಲ್ ಅನ್ನುವ ಸಂಶೋಧಕರು ಇದಕ್ಕೊಂದು ಸರಳ ದಾರಿ ತೋರಿಸಿದ್ದರು. ಹೆಸರು ಬೀಟಾ ರೆಪ್ಯುಟೇಷನ್. ಸರಿಹೋದ ಲೋಡುಗಳಿಗೆ 1 ಕೂಡಿಸಬೇಕು, ಒಟ್ಟು ಲೋಡುಗಳಿಗೆ 2 ಕೂಡಿಸಬೇಕು, ಆಮೇಲೆ ಭಾಗಿಸಬೇಕು. ಒಂದೇ ಲೋಡಿನವನಿಗೆ 2/3, ಅಂದರೆ 0.67. ನೂರು ಲೋಡಿನವನಿಗೆ 91/102, ಅಂದರೆ 0.89. ಲೆಕ್ಕ ಈಗ ಮಾಲೀಕರ ಮನಸ್ಸಿಗೆ ಹತ್ತಿರ ಬಂತು. ಇನ್ನೂ ಒಂದೂ ಲೋಡ್ ಹಾಕದ ಹೊಸಬನಿಗೆ 1/2, ಅಂದರೆ 0.5.

ಹಳೆಯ ಪುಣ್ಯವನ್ನೇ ತಿನ್ನುವವರೂ ಇರುತ್ತಾರಲ್ಲ. 100 ಲೋಡ್ ಸರಿಯಾಗಿ ಮಾಡಿದವನು ಆಮೇಲೆ ಸತತ 10 ಸಲ ಕೈಕೊಟ್ಟರೂ ಈ ಲೆಕ್ಕದಲ್ಲಿ ಅವನಿಗೆ 0.90 ಇರುತ್ತದೆ. ಅದಕ್ಕೇ ಮರೆವು ಸೇರಿಸಿದೆ. ಪ್ರತಿ ಹೊಸ ಲೋಡಿಗೆ ಹಳೆಯ ಲೋಡುಗಳ ಎಣಿಕೆಯನ್ನೆಲ್ಲ, ಸರಿಹೋದದ್ದನ್ನೂ ಒಟ್ಟನ್ನೂ, 0.9ರಿಂದ ಗುಣಿಸುವುದು, ಅಷ್ಟೇ. ಈಗ ಅದೇ ಮನುಷ್ಯ 0.37ಕ್ಕೆ ಇಳಿದ.

ಒಬ್ಬನ ಬಗ್ಗೆ ಬೇರೆ ಏಜೆಂಟ್‌ಗಳು ಹೇಳುವ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಆದರೆ ಯಾರು ಹೇಳಿದ್ದು ಆಮೇಲೆ ನಿಜವಾಯಿತೋ ಅವರ ಮಾತಿಗೆ ಮಾತ್ರ ತೂಕ ಜಾಸ್ತಿ. ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ಆಟ ಇದರಿಂದ ಬಹುಪಾಲು ನಿಂತಿತು.

ಪರೀಕ್ಷೆಗೆಂದು ನಾನೇ ಒಂದು ಮೋಸದ ಏಜೆಂಟ್ ಬರೆದೆ. ಕೈಕೊಟ್ಟು 0.37ಕ್ಕೆ ಬಿದ್ದ ಮೇಲೆ ಅದು ಹೆಸರು ಬದಲಿಸಿಕೊಂಡು ಬಂತು. ಹೊಸ ಹೆಸರಿಗೆ 0.5! ಕೆಟ್ಟ ಹೆಸರಿಗಿಂತ ಹೊಸ ಹೆಸರೇ ಲಾಭ ಅಂತ ನನ್ನ ಲೆಕ್ಕವೇ ಅದಕ್ಕೆ ಹೇಳಿಕೊಟ್ಟಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸಬರ ಅಂಕ ತಗ್ಗಿಸಿದರೆ ಮೋಸ ನಿಲ್ಲುತ್ತದೆ, ನಿಜ. ಆದರೆ ಸಾಲ ಮಾಡಿ ಮೊದಲ ಲಾರಿ ತಂದವನಿಗೆ ಕೆಲಸವೇ ಸಿಗುವುದಿಲ್ಲ. ಅದು ನನಗೆ ಬೇಡವಾಗಿತ್ತು.

ಮಾರನೇ ದಿನ ಒಬ್ಬ ಹಿರಿಯ ಮಾಲೀಕರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಚಹಾದ ಕಪ್ಪು ಕೆಳಗಿಟ್ಟು, "ನಾ ಹೊಸ ಡ್ರೈವರ್‌ನ ಮೊದಲನೇ ದಿನಾನ ಚೆನ್ನೈಗೆ ಕಳಸೂದಿಲ್ಲ ತಮ್ಮಾ. ಗದಗಕ್ಕ ಹೋಗಿ ಬಾ ಅಂತೀನಿ. ಹೋಗಿ ಬಂದ್ರ ದಾವಣಗೇರಿ. ಮುಂದಿಂದು ಆಮ್ಯಾಲ" ಅಂದರು.

ಅದನ್ನೇ ಕೋಡಿಗೆ ಇಳಿಸಿದೆ. ಸರಿಹೋದ ಲೋಡುಗಳಿಗೆ 1 ಕೂಡಿಸುವುದು ಹಾಗೇ ಇತ್ತು, ಒಟ್ಟು ಲೋಡುಗಳಿಗೆ 2ರ ಬದಲು 4 ಕೂಡಿಸಿದೆ. ಹೊಸಬನ ಅಂಕ 0.25 ಆಯಿತು. ಹತ್ತು ಸಲ ಕೈಕೊಟ್ಟವನಿಗೆ ಈಗ 0.32, ಹೆಸರು ಬದಲಿಸಿದರೆ ಅವನಿಗೇ ನಷ್ಟ. ಇನ್ನೂ ಹತ್ತು ಸಲ ಮೋಸ ಮಾಡಿ 0.25ಕ್ಕಿಂತ ಕೆಳಗಿಳಿದು, ಆಮೇಲೆ ಹೆಸರು ಬದಲಿಸಿದರೂ ಅವನಿಗೆ ಸಿಗುವುದು ಗದಗದ ಬಾಡಿಗೆಯೇ. ಜೊತೆಗೆ ಸಣ್ಣ ಲೋಡುಗಳಲ್ಲಿ ಹತ್ತರಲ್ಲೊಂದನ್ನು ಹೊಸಬರಿಗೇ ಮೀಸಲಿಟ್ಟೆ. ಒಬ್ಬನಿಗೆ, ಅವನು ಇಲ್ಲಿಯವರೆಗೆ ಮುಟ್ಟಿಸಿದ ಅತಿ ದೊಡ್ಡ ಲೋಡಿನ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ ಬೆಲೆಯದನ್ನು ಕೊಡುವಂತಿಲ್ಲ ಅಂತಲೂ ಬರೆದೆ. ಸಣ್ಣದರಲ್ಲಿ ನಂಬಿಕೆ ಗಳಿಸಿ ದೊಡ್ಡದರಲ್ಲಿ ಹೊಡೆದುಕೊಂಡು ಹೋಗುವವರಿಗೆ ಅದು ಕಡಿವಾಣ.

ಪ್ರೋಗ್ರಾಂ ಮತ್ತೆ ಓಡಿಸಿ ನೋಡಿದೆ. ಈ ಸಲ ಒಬ್ಬ ಪ್ರಾಮಾಣಿಕ ಹೊಸಬನನ್ನೂ ಒಳಗೆ ಬಿಟ್ಟಿದ್ದೆ. ಮೊದಲ ಲೋಡ್ 50 ಸಾವಿರ ರೂಪಾಯಿಯದು. ಮೂರು ಬಾಡಿಗೆ ಮುಗಿಯುವಷ್ಟರಲ್ಲಿ ಅವನ ಅಂಕ 0.55 ದಾಟಿತು. ಆರನೆಯದಕ್ಕೆ 16 ಲಕ್ಷದ ಮೆಣಸಿನಕಾಯಿ ಹೊತ್ತು ಚೆನ್ನೈಗೆ ಹೊರಟ.