ಕೀಲು ನೋಡುವ ವೈದ್ಯ ಹೃದಯದ ಲೆಕ್ಕ ಹಾಕುವ ಬಗೆ: ನನ್ನ ಅನುಭವ

ರುಮಟಾಯ್ಡ್ ಸಂಧಿವಾತ ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಬೆರಳಿನ ಕೀಲನ್ನು ಊದಿಸುವ ಉರಿಯೂತವೇ ರಕ್ತನಾಳದ ಒಳಪದರವನ್ನೂ ಕೆಡಿಸುತ್ತದೆ. ಆದರೆ ಈ ಅಪಾಯವನ್ನು ಅಳೆಯುವವರು ಯಾರು? ಕೀಲಿನ ವೈದ್ಯರು ಅದು ಹೃದ್ರೋಗ ತಜ್ಞರ ಕೆಲಸ ಎಂದುಕೊಳ್ಳುತ್ತಾರೆ. ಎದೆನೋವು ಬರುವವರೆಗೆ ರೋಗಿ ಆ ತಜ್ಞರ ಬಳಿ ಹೋಗುವುದೇ ಇಲ್ಲ. ಹಾಗಾಗಿ ನನ್ನ ಕೊಠಡಿಯಲ್ಲೇ ಇದನ್ನು ಮಾಡತೊಡಗಿದೆ.

ವಯಸ್ಸು, ರಕ್ತದೊತ್ತಡ, ಸಕ್ಕರೆ, ಸೊಂಟದ ಸುತ್ತಳತೆ ಬರೆದುಕೊಳ್ಳುವುದು ಸುಲಭ. ಬೀಡಿ, ಸಿಗರೇಟಿನ ಜೊತೆಗೆ ಎಲೆಅಡಿಕೆಯೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪನ್ನೂ ಕೇಳುತ್ತೇನೆ. ಕೇಳದಿದ್ದರೆ ಹೆಂಗಸರು ತಾವಾಗಿ ಹೇಳುವುದಿಲ್ಲ.

ತೊಡಕು ಇರುವುದು ಕೊಲೆಸ್ಟರಾಲ್‌ನಲ್ಲಿ. ಐವತ್ತು ದಾಟಿದ ಒಬ್ಬರು ಬಟ್ಟೆ ಹಿಂಡಲಾಗದಷ್ಟು ಮಣಿಕಟ್ಟು ಊದಿಸಿಕೊಂಡು ಬಂದಿದ್ದರು. ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆ ಸಿ.ಆರ್.ಪಿ. ಬಹಳ ಏರಿತ್ತು, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್.ಡಿ.ಎಲ್. ಮಾತ್ರ 84. "ಕೊಬ್ಬಿನ ತೊಂದರೆ ಇಲ್ಲವಂತೆ ಡಾಕ್ಟರೇ" ಎಂದು ಸಮಾಧಾನದಲ್ಲಿದ್ದರು. ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ಕೊಟ್ಟು ರೋಗ ಹತೋಟಿಗೆ ಬಂದ ಮೇಲೆ ಅದೇ ಎಲ್.ಡಿ.ಎಲ್. 128 ಆಯಿತು. ಮಾತ್ರೆಯೇ ಕೆಡಿಸಿತೆಂದು ಹೆದರಿ ಬಿಡಲು ಹೊರಟಿದ್ದರು. "ಅಮ್ಮಾ, ಉರಿಯೂತ ಜೋರಾಗಿದ್ದಾಗ ಕೊಲೆಸ್ಟರಾಲ್ ಇಳಿದಂತೆ ಕಾಣುತ್ತದೆ. ಈಗ ಕಾಣುತ್ತಿರುವುದು ನಿಮ್ಮ ನಿಜವಾದ ಅಂಕಿ" ಎಂದು ಬಿಡಿಸಿ ಹೇಳಬೇಕಾಯಿತು. ರೋಗ ತಣ್ಣಗಾದಾಗ ತೆಗೆಸಿದ ವರದಿಯನ್ನೇ ನಾನು ಲೆಕ್ಕಕ್ಕೆ ಹಿಡಿಯುವುದು. ಒಟ್ಟು ಕೊಲೆಸ್ಟರಾಲ್ ಮತ್ತು ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್.ಡಿ.ಎಲ್.ಗಳ ಅನುಪಾತವನ್ನೂ ನೋಡುತ್ತೇನೆ.

ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಬರುವ ಅಪಾಯ ಶೇಕಡಾ ಎಷ್ಟೆಂದು ಹೇಳುವ ವಿಶ್ವ ಆರೋಗ್ಯ ಸಂಸ್ಥೆಯ ದಕ್ಷಿಣ ಏಷ್ಯಾ ಕೋಷ್ಟಕದಲ್ಲಿ ಸಂಧಿವಾತಕ್ಕೆ ಜಾಗವಿಲ್ಲ. ಅಲ್ಲಿ ಬಂದ ಅಂಕಿಯನ್ನು ಯುರೋಪಿನ ಸಂಧಿವಾತ ತಜ್ಞರ ಸಂಘ ಯೂಲಾರ್ ಹೇಳುವಂತೆ 1.5ರಿಂದ ಗುಣಿಸುತ್ತೇನೆ. ಆ ಮಹಿಳೆಯ ಶೇ. 8 ಹೀಗೆ ಶೇ. 12 ಆಯಿತು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಮಾತನಾಡಲು ಅಷ್ಟು ಸಾಕಿತ್ತು. ಇಂಥದ್ದೇ ಲೆಕ್ಕ ಹಾಕುವ ಬ್ರಿಟನ್ನಿನ ಕ್ಯೂರಿಸ್ಕ್-3 ಬಳಸುವವರು ಮಾತ್ರ ಗುಣಿಸಬಾರದು, ಅದರೊಳಗೆ ಸಂಧಿವಾತ ಮೊದಲೇ ಸೇರಿದೆ.

ಔಷಧಿಯ ಚೀಲವನ್ನು ಮೇಜಿನ ಮೇಲೆ ಸುರಿಸಿಯೇ ನೋಡುತ್ತೇನೆ. ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್‌ನಂಥ ನೋವಿನ ಮಾತ್ರೆಗಳು, ಜೊತೆಗೆ ವರ್ಷಗಟ್ಟಲೆ ನುಂಗಿದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಸಿಕ್ಕರೆ, ಇವೂ ಹೃದಯದ ಅಪಾಯ ಹೆಚ್ಚಿಸುವುದರಿಂದ, ಮೊದಲು ಅವನ್ನು ಕಡಿಮೆ ಮಾಡುವ ದಾರಿ ಹುಡುಕುತ್ತೇನೆ. ಸ್ಟೀರಾಯ್ಡನ್ನು ಮಾತ್ರ ಒಮ್ಮೆಲೇ ನಿಲ್ಲಿಸುವಂತಿಲ್ಲ, ಹಂತಹಂತವಾಗಿ ಇಳಿಸಬೇಕು. ಐವತ್ತು ದಾಟಿ ಹೃದಯದ ಅಪಾಯವೂ ಇರುವವರಿಗೆ ಸಂಧಿವಾತದ ಇನ್ನೊಂದು ಮಾತ್ರೆ ಟೋಫಾಸಿಟಿನಿಬ್ ಬರೆಯುವ ಮುನ್ನ ಎರಡು ಸಲ ಯೋಚಿಸುತ್ತೇನೆ. ಅಂಥವರಲ್ಲಿ ಈ ಮಾತ್ರೆಯಿಂದ ಹೃದಯದ ಅಪಾಯ ಹೆಚ್ಚಬಹುದು ಎಂಬುದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಎಚ್ಚರಿಕೆ.

"ನಡೆದರೆ ಎದೆ ಹಿಡಿಯುತ್ತದೆಯೇ?" ಎಂಬ ಪ್ರಶ್ನೆ ಇವರಲ್ಲಿ ಸಾಲದು. ಮಂಡಿ ನೋವಿನಿಂದ ಬಚ್ಚಲಿಗಿಂತ ದೂರ ನಡೆಯದವರಿಗೆ ಎದೆ ಹಿಡಿಯುವ ಸಂದರ್ಭವೇ ಬರುವುದಿಲ್ಲ. ಅದಕ್ಕೆ ಸುಸ್ತು, ಏದುಸಿರು ಕೇಳಿ ಇ.ಸಿ.ಜಿ. ಮಾಡಿಸುತ್ತೇನೆ. ಐದು ವರ್ಷಕ್ಕೊಮ್ಮೆಯಾದರೂ, ಚಿಕಿತ್ಸೆ ದೊಡ್ಡದಾಗಿ ಬದಲಾದರೆ ಅದಕ್ಕೂ ಮೊದಲೇ, ಈ ಲೆಕ್ಕವನ್ನು ಹೊಸದಾಗಿ ಹಾಕುತ್ತೇನೆ.