ಜೋಯವ್ವಗ ಸುಮ್ಮನ ಕುಂದ್ರೋದು ಕಲಿಸಿದ್ದು

ನಮ್ಮ ನಾಯಿಯನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದನ್ನ ದಿನಾ ಎಷ್ಟು ಓಡಸ್ತೀರಿ?" ಬಾರ್ಡರ್ ಕೋಲಿ ಎಂದರೆ ಗುಡ್ಡದ ಮೇಲೆ ಬಾಣದ ಹಾಗೆ ಓಡುವ ನಾಯಿ ಎಂದು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ. ಓಡಿಸುವುದು ಕಡಿಮೆ, ನಿಲ್ಲಿಸುವುದೇ ಹೆಚ್ಚು ಎಂದು ನಾನು ಹೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಆದರೆ ಗದಗಿನ ನಮ್ಮ ಮನೆಯಲ್ಲಿ, ಅತ್ತೆ, ಇಬ್ಬರು ಮಕ್ಕಳು, ಬಂದು ಹೋಗುವ ಬಳಗದ ನಡುವೆ ಈ ನಾಯಿ ಬಾಳುತ್ತಿರುವುದು ಅದರಿಂದಲೇ.

ನಾವು ಅದನ್ನು ಮರಿಯಾಗಿ ತಂದವರಲ್ಲ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ಸಂಬಂಧಿಕರು, ವರ್ಷದ ಮರಿಯಾದಾಗ ಸಾಕಲಾಗದೆ ನಮಗೆ ಕೊಟ್ಟರು. ಅವರು ಇಟ್ಟ ಹೆಸರು ಝೋಯಿ. ಅತ್ತೆಯ ಬಾಯಲ್ಲಿ ಅದು ಜೋಯವ್ವ ಆಯಿತು, ಈಗ ಡಾಕ್ಟರ ಚೀಟಿಯಲ್ಲೂ ಹಾಗೇ ಇದೆ. ಪಾಪ, ಆ ಮನೆಯವರು ಮೈಗಳ್ಳರೇನಲ್ಲ. ಬೆಳಿಗ್ಗೆ ಸಂಜೆ ಪಾರ್ಕಿಗೆ ಒಯ್ದು ಕೈ ಸೋಲುವವರೆಗೆ ಚೆಂಡು ಎಸೆಯುತ್ತಿದ್ದರು. ಎಸೆದಷ್ಟೂ ನಾಯಿ ಗಟ್ಟಿಯಾಯಿತು, ಇನ್ನಷ್ಟು ಬೇಡಿತು. ನಮ್ಮಲ್ಲಿಗೆ ಬಂದಾಗ ಪಡಸಾಲೆಯಲ್ಲಿ ಫ್ಯಾನಿನ ನೆರಳನ್ನು ಹಿಡಿಯಲು ಹಾರುತ್ತಿತ್ತು. ಅತ್ತೆ ಬಿಸಿಲಿಗೆ ಸ್ಟೀಲಿನ ತಾಟು ತಂದರೆ ಗೋಡೆಯ ಮೇಲೆ ಬೀಳುವ ಬೆಳಕಿನ ಹಿಂದೆ ಬೀಳುತ್ತಿತ್ತು. ಈ ತಳಿಗೆ ನೆರಳು-ಬೆಳಕಿನ ಹುಚ್ಚು ಬಹಳ ಬೇಗ ಹತ್ತುತ್ತದೆ. ಲೇಸರ್ ದೀಪ ಬಿಟ್ಟು ಆಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಅದಕ್ಕೇ.

ನಾಯಿಯ ಇನ್ನೊಂದು ಚಾಳಿ ಮಕ್ಕಳ ವಿಷಯದ್ದು. ಅಂಗಳದಲ್ಲಿ ಹುಡುಗರು ಓಡಿದರೆ ಸುತ್ತು ಹಾಕಿ, ಮೈ ಬಗ್ಗಿಸಿ, ಹಿಮ್ಮಡಿಗೆ ಹಲ್ಲು ತಾಗಿಸಿ ಒಂದು ಮೂಲೆಗೆ ಕೂಡಿಸುತ್ತಿತ್ತು. ರಕ್ತ ಬರುತ್ತಿರಲಿಲ್ಲ, ಆದರೆ ಪಕ್ಕದ ಮನೆಯ ಮಗು ಅಂಜಿ ಅತ್ತರೆ ಓಣಿಯಲ್ಲಿ ಮುಖ ತೋರಿಸುವುದು ಹೇಗೆ?

ಇದು ಸಿಟ್ಟಲ್ಲ, ಕಸುಬು. ತೋಳ ಬೇಟೆಗೆ ನಿಂತಾಗ ಮೊದಲು ದಿಟ್ಟಿಸುತ್ತದೆ, ಹೊಂಚುತ್ತದೆ, ಬೆನ್ನಟ್ಟುತ್ತದೆ, ಆಮೇಲೆ ಕಚ್ಚಿ ಕೊಲ್ಲುತ್ತದೆ. ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಕುರಿಗಾರರು ತಲೆಮಾರುಗಟ್ಟಲೆ ಆಯ್ದು ಆಯ್ದು ಮರಿ ಮಾಡಿಸಿ, ಮೊದಲ ಮೂರನ್ನು ಹರಿತ ಮಾಡಿದರು, ಕೊನೆಯದನ್ನು ಮೊಂಡು ಮಾಡಿದರು. ನಾರ್ಥಂಬರ್ಲೆಂಡಿನಲ್ಲಿ ಆಡಂ ಟೆಲ್ಫರ್ ಎಂಬವನ ಹತ್ತಿರ 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿಯ ರಕ್ತ ಇವತ್ತಿನ ಹೆಚ್ಚುಕಡಿಮೆ ಎಲ್ಲ ಬಾರ್ಡರ್ ಕೋಲಿಗಳಲ್ಲೂ ಇದೆ. ಬೊಗಳದೆ, ಬರೀ ಕಣ್ಣಿನಿಂದ ಕುರಿ ನಡೆಸುವ ನಾಯಿ ಎಂದು ಅದು ಹೆಸರಾಗಿತ್ತು. ನಮ್ಮ ಕಡೆ ಪೊಲೀಸ್ ನಾಯಿ ಎಂದೇ ಕರೆಯುವ ಜರ್ಮನ್ ಶೆಫರ್ಡ್ ಕೂಡ ಮೂಲದಲ್ಲಿ ಕುರಿ ಹಿಂಡಿನದು. 1899ರಲ್ಲಿ ಅದನ್ನು ಒಂದು ತಳಿಯಾಗಿ ಕಟ್ಟಲು ಹೊರಟ ಜರ್ಮನಿಯ ಸ್ಟೆಫಾನಿಟ್ಸ್ ಎಂಬವನು ಆರಿಸಿಕೊಂಡದ್ದು ಹಿಂಡು ಕಾಯುವ ನಾಯಿಗಳನ್ನೇ. ಹುಬ್ಬಳ್ಳಿ, ಗದಗಿನಲ್ಲಿ ಅದನ್ನು ಗೇಟಿಗೆ ಕಟ್ಟಿ ಹಾಕಿ, "ಯಾಕೋ ಭಾಳ ಒದರ್ತದರೀ" ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಕುರಿ ಕಾಯುವ ಹೊಲದಲ್ಲಿ ಈ ನಾಯಿಗಳಿಗೆ ಕಲಿಸುವ ಮುಖ್ಯ ಮಾತು ನಾಲ್ಕೈದೇ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತು ಎನ್ನಲು 'ಕಮ್ ಬೈ', ಎದುರು ದಿಕ್ಕಿಗೆ 'ಅವೇ', ಮಲಗು ಎನ್ನಲು 'ಲೈ ಡೌನ್', ಕೆಲಸ ಬಿಟ್ಟು ಬಾ ಎನ್ನಲು 'ದಟ್ಲ್ ಡೂ'. ಮನೆಯಲ್ಲಿರುವವರಿಗೆ ಮೊದಲ ಎರಡು ಬೇಡವೇ ಬೇಡ, ಕೊನೆಯ ಎರಡೇ ಜೀವಾಳ. ನಮ್ಮಲ್ಲಿ ಅವು 'ಮಲಗು', 'ಸಾಕು'. ಇದನ್ನು ಮನೆಯವರೆಲ್ಲರ ಬಾಯಲ್ಲಿ ಒಂದೇ ಮಾಡುವುದು ನಾಯಿಗೆ ಕಲಿಸುವುದಕ್ಕಿಂತ ಕಷ್ಟವಾಯಿತು. ಮಕ್ಕಳು 'ಸಿಟ್' ಅನ್ನುವುದು, ನಮ್ಮನೆಯವರು 'ಕೂಡು' ಅನ್ನುವುದು, ಅತ್ತೆ "ಏ ಕುಂದ್ರ ಭಾಡ್ಯಾ" ಅನ್ನುವುದು. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಐದು ಮಾತು ಬರೆದೆ: ಕುಂದ್ರು, ಮಲಗು, ತಡಿ, ಬಾ, ಸಾಕು. ಬೇರೆ ಮಾತು ಆಡಿದವರು ಅವತ್ತು ಅಂಗಳ ಗುಡಿಸಬೇಕು. ಅತ್ತೆಗೆ ಮಾತ್ರ ವಿನಾಯಿತಿ. ಜೋಯವ್ವ ಅವರ ಬೈಗುಳವನ್ನೇ ಆರನೆಯ ಮಾತಾಗಿ ಕಲಿತುಬಿಟ್ಟಿತ್ತು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಹಳೇ ಕೌದಿ. ಪಡಸಾಲೆಯ ಮೂಲೆಗೆ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ನಾಯಿ ತಾನಾಗಿ ಅದರ ಮೇಲೆ ಕಾಲಿಟ್ಟರೆ ಒಂದು ಪುಟ್ಟ ತುಣುಕು ತಿನಿಸು, ಮಾತಿಲ್ಲ. ಮಲಗಿದರೆ ಇನ್ನೊಂದು. ತಿನಿಸನ್ನು ಕೈಯಿಂದ ಕೊಡದೆ ಮುಂಗಾಲಿನ ನಡುವೆ ಕೌದಿಯ ಮೇಲೇ ಇಡಬೇಕು, ಆಗ ನಾಯಿ ನಮ್ಮ ಮುಖ ನೋಡುವುದನ್ನು ಬಿಟ್ಟು ನೆಲ ನೋಡುತ್ತದೆ. ಆಮೇಲೆ ತಿನಿಸಿನ ನಡುವಿನ ಅಂತರ ಹಿಗ್ಗಿಸುತ್ತ ಹೋಗುವುದು. ಚೂಪಾಗಿ ನಿಂತ ಕಿವಿ ಸಡಿಲಾಗಿ, ಸೊಂಟ ಒಂದು ಬದಿಗೆ ವಾಲಿ, ಗದ್ದ ನೆಲಕ್ಕೆ ಹತ್ತಿದಾಗ ಕೊಡುವುದು ಅತಿ ಒಳ್ಳೆಯದು. ಸಿಂಹದ ಮೂರ್ತಿಯ ಹಾಗೆ ಬಿಗಿಯಾಗಿ ಮಲಗಿದ ಕೋಲಿ ಮಲಗಿದ್ದಲ್ಲ, ಹೊಂಚು ಹಾಕಿದ್ದು. ಈ ಎರಡರ ವ್ಯತ್ಯಾಸ ಕಣ್ಣಿಗೆ ಕಂಡ ದಿನ ಅರ್ಧ ಕೆಲಸ ಮುಗಿದ ಹಾಗೆ. ಮೊದಲು ಖಾಲಿ ಮನೆಯಲ್ಲಿ, ಆಮೇಲೆ ನಾನು ಎದ್ದು ಓಡಾಡುವಾಗ, ಆಮೇಲೆ ಬಾಗಿಲು ಬಡಿದಾಗ, ಎಲ್ಲಕ್ಕೂ ಕೊನೆಗೆ ಮಕ್ಕಳು ಓಡುವಾಗ. ಒಂದು ಮಳೆಗಾಲ ಪೂರ್ತಿ ಇದಕ್ಕೇ ಹೋಯಿತು. ಮಕ್ಕಳಿಗೂ ಒಂದು ಪಾಠ ಇತ್ತು: ನಾಯಿ ಹಿಂದೆ ಬಂದರೆ ಚೀರಿ ಓಡಬೇಡಿ, ಕಂಬದಂತೆ ನಿಂತುಬಿಡಿ. ನಿಂತದ್ದನ್ನು ಕೂಡಿಸುವುದರಲ್ಲಿ ಕೋಲಿಗೆ ರುಚಿಯಿಲ್ಲ.

ಸೀಟಿ ಹೊಡೆದು ಕರೆಯುವುದನ್ನೂ ಕಲಿಸಲು ಹೋಗಿ ಕೈಬಿಟ್ಟೆವು. ಕುಕ್ಕರ್ ಕೂಗಿದಾಗಲೆಲ್ಲ ನಾಯಿ ಹಿತ್ತಲಿಂದ ಓಡಿ ಬಂದು ಒಲೆಯ ಮುಂದೆ ನಿಲ್ಲುತ್ತಿತ್ತು, ಅತ್ತೆಗೆ ಅದೊಂದು ನಗೆ.

ತಲೆಗೆ ಕೆಲಸ ಬೇಕೇ ಬೇಕು, ಅದು ನಿಜ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತಿತ್ತು. ಅದಕ್ಕೆ ಕಲಿಸಿದ ಜಾನ್ ಪಿಲ್ಲಿ ಅವರ ಪ್ರಬಂಧ 2011ರಲ್ಲಿ ಬಂತು. ಇದನ್ನು ಕೇಳಿದ ಮೇಲೆ ನಮ್ಮ ಮಕ್ಕಳು ಬಿಡಬೇಕಲ್ಲ? ಬುಗುರಿ, ಚಂಡು, ಚಪ್ಪಲಿ, ಮರ ಎಂದು ಶುರು ಮಾಡಿದರು. ಬುಗುರಿ, ಚಂಡು, ಚಪ್ಪಲಿ ಬಂತು. ಮರ ಎಂದರೆ ಅಡುಗೆಮನೆಯಲ್ಲಿ ಕಾಳು ಕೇರುವ ಮರ, ಅದನ್ನು ಕಚ್ಚಿ ತಂದದ್ದಕ್ಕೆ ಅತ್ತೆಯಿಂದ ಬೈಸಿಕೊಂಡು ಆ ಪಾಠ ನಿಂತಿತು. ಈಗ ನಾವು ಮಾಡಿಸುವುದು ಹುಡುಕುವ ಕೆಲಸ. ಮಗಳು ಮಾಡಿಯ ಮೇಲೋ ಹಿತ್ತಲಿನ ಹೊರಸಿನ ಹಿಂದೋ ಅಡಗುತ್ತಾಳೆ, "ಎಲ್ಲಿದ್ದಾಳ?" ಎಂದರೆ ಮೂಸುತ್ತ ಹೋಗಿ ಪತ್ತೆ ಹಚ್ಚುತ್ತದೆ. ಚೆಂಡಿನ ಹಿಂದೆ ಓಡಿದರೆ ಏರುವ ಅಮಲು ಮೂಸುವುದರಲ್ಲಿ ಏರುವುದಿಲ್ಲ. ಸ್ವಲ್ಪ ಹೊತ್ತಿಗೇ ದಣಿದು ತಾನಾಗಿ ಕೌದಿಗೆ ಹೋಗುತ್ತದೆ.

ರಸ್ತೆಯ ವಿಷಯ ಬೇರೆ. ಮುಳಗುಂದ ನಾಕಾದಲ್ಲಿ ಬಸ್ಸು, ಟಂಟಂ, ಬೈಕು ಎಲ್ಲ ಒಟ್ಟಿಗೇ ನುಗ್ಗುತ್ತವೆ, ಕೋಲಿಯ ಕಣ್ಣಿಗೆ ಅವೆಲ್ಲ ತಪ್ಪಿಸಿಕೊಂಡ ಕುರಿಗಳು. ಇಲ್ಲಿ ಹಗ್ಗ ಜಗ್ಗಿ ಗದರಿದರೆ ಏನೂ ಆಗುವುದಿಲ್ಲ. ಗಾಡಿ ಕಾಣಬೇಕು, ಆದರೆ ನಾಯಿ ಮೈ ಬಗ್ಗಿಸಬಾರದು, ಅಷ್ಟು ದೂರದಲ್ಲಿ ನಿಲ್ಲಬೇಕು. ಗಾಡಿ ಕಂಡ ಕೂಡಲೇ ತಿನಿಸು. ಗಾಡಿ ಹೋಯಿತು, ತಿನಿಸೂ ಹೋಯಿತು. ಕೆಲವು ವಾರದಲ್ಲಿ ಟಂಟಂ ಸದ್ದು ಬಂದರೆ ರಸ್ತೆ ನೋಡುವ ಬದಲು ನನ್ನ ಮುಖ ನೋಡತೊಡಗಿತು. ಆಮೇಲೆ ಹತ್ತಿರ ಹತ್ತಿರ. ಇಷ್ಟಾದರೂ ರಸ್ತೆಯಲ್ಲಿ ಹಗ್ಗ ಬಿಚ್ಚುವುದಿಲ್ಲ, ಎಂದೂ ಬಿಚ್ಚುವುದೂ ಇಲ್ಲ.

ನಿಜವಾದ ಕುರಿ ಕಂಡದ್ದು ಹಿಂಗಾರಿ ರಾಶಿ ಮುಗಿದ ಮೇಲೆ. ಕಡಲೆ, ಬಿಳಿಜೋಳ ಎತ್ತಿದ ಎರಿ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಾರೆ. ಬೀಗರ ಹೊಲಕ್ಕೆ ಹೋದಾಗ ಹಿಂಡು ಅಲ್ಲೇ ಇತ್ತು. ಜೋಯವ್ವ ನೆಲಕ್ಕೆ ಹೊಟ್ಟೆ ಹಚ್ಚಿ, ಕತ್ತು ಮುಂದೆ ಚಾಚಿ, ಒಂದು ಕಾಲು ಎತ್ತಿ ಹಿಡಿದು ಕಲ್ಲಾಯಿತು. ಯಾರೂ ಕಲಿಸಿದ್ದಲ್ಲ. ಹಿಂಡಿನ ಎರಡು ಕುರುಬರ ನಾಯಿಗಳು ಗುರುಗುಡುತ್ತ ನಡುವೆ ಬಂದು ನಿಂತವು. ಹಿರಿಯರೊಬ್ಬರು ಕೋಲೂರಿಕೊಂಡು ಬಂದು ನೋಡಿದರು. "ತಂಗೀ, ನಮ್ಮ ನಾಯಿಗಿ ಕುರಿ ಅಂದ್ರ ಮನಿ ಮಂದಿ. ನಿಮ್ಮದಕ್ಕ ಕುರಿ ಅಂದ್ರ ಕೆಲಸ. ಬಿಡಬ್ಯಾಡ, ಗಬ್ಬದ ಕುರಿ ಅದಾವ." ನಮ್ಮ ಎರಡೂ ಬಗೆಯ ನಾಯಿಗಳ ಫರಕನ್ನು ಇಷ್ಟು ಚೊಕ್ಕ ಹೇಳಿದವರನ್ನು ನಾನು ಕಂಡಿಲ್ಲ. ಕಪ್ಪತಗುಡ್ಡದ ಕಡೆ ತೋಳ ಇನ್ನೂ ಇರುವ ಈ ಸೀಮೆಯಲ್ಲಿ ಹಿಂಡನ್ನು ನಡೆಸುವುದು ಮನುಷ್ಯನ ಕೂಗು ಮತ್ತು ಕೋಲು. ನಾಯಿಯ ಪಾಲು ಕಾವಲು. ಕುರಿಗಳ ನಡುವೆಯೇ ಬೆಳೆದ ಆ ನಾಯಿಗಳಿಗೆ ಅವನ್ನು ಬೆನ್ನಟ್ಟಬೇಕೆಂದು ಅನಿಸುವುದೇ ಇಲ್ಲ. ಗಬ್ಬದ ಕುರಿಗಳನ್ನು ನಾಯಿ ಓಡಾಡಿಸಿದರೆ ಕಂದು ಹಾಕುತ್ತವೆ ಎನ್ನುವುದೂ ಬರೀ ಅಂಜಿಸುವ ಮಾತಲ್ಲ. 'ಸಾಕು' ಎಂದೆ. ಮೊದಲ ಸಲ ಕೇಳಲಿಲ್ಲ. ನಾನು ಅದಕ್ಕೂ ಕುರಿಗೂ ನಡುವೆ ಹೋಗಿ ನಿಂತು, ನೋಟ ಕಡಿದು, ಮತ್ತೆ ಹೇಳಿದೆ, ತಿರುಗಿತು. ಬಂಡೆ ಸರಿದಷ್ಟು ನಿಧಾನವಾಗಿ, ಆದರೂ ತಿರುಗಿತು.

ಆ ಹೊಲದಲ್ಲಿ ಇನ್ನೊಂದು ಅಪಾಯ ಇದೆ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕುರಿಗಳಿಗೆ ಹುಳಕ್ಕೆ ಐವರ್ಮೆಕ್ಟಿನ್ ಎಂಬ ಔಷಧ ಕೊಡುತ್ತಾರೆ. ಕೋಲಿ ಜಾತಿಯ ಕೆಲವು ನಾಯಿಗಳಲ್ಲಿ ಎಂಡಿಆರ್1 ಎಂಬ ವಂಶವಾಹಿಯಲ್ಲಿ ದೋಷವಿದ್ದು, ಔಷಧ ಮಿದುಳಿಗೆ ನುಗ್ಗದಂತೆ ತಡೆಯುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. 2001ರಲ್ಲಿ ಇದು ಪತ್ತೆಯಾಯಿತು. ಉದ್ದ ಮೂತಿಯ ರಫ್ ಕೋಲಿಯಲ್ಲಿ ಇದು ಬಹಳ ಸಾಮಾನ್ಯ, ಬಾರ್ಡರ್ ಕೋಲಿಯಲ್ಲಿ ಅಪರೂಪ. ಅಪರೂಪವಾದರೂ ನಾನು ಜೂಜಾಡುವುದಿಲ್ಲ. ಔಷಧ ಕುಡಿದ ಕುರಿಯ ಹಿಕ್ಕೆಯಲ್ಲೂ ಅದರ ಅಂಶ ಇರುತ್ತದೆ, ನಾಯಿಗಳಿಗೋ ಹಿಕ್ಕೆ ಎಂದರೆ ಪೇಢೆ. ಆದ್ದರಿಂದ ಈಗ ಕುರಿ ತರುಬಿದ ಹೊಲಕ್ಕೆ ಒಯ್ಯುವುದಿಲ್ಲ. ಕಜ್ಜಿಗೆ ಸೂಜಿ ಹಾಕಿಸುವಾಗ "ಇದು ಕೋಲಿ ಐತ್ರೀ ಡಾಕ್ಟ್ರೇ" ಎಂದು ಮೊದಲೇ ಹೇಳುತ್ತೇನೆ. ಸಂಜೆಗೊಮ್ಮೆ ಕಿವಿಯ ಹಿಂದೆ, ಬೆರಳಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ಉಣ್ಣಿ ತೆಗೆಯುವುದು ಅತ್ತೆಯ ಕೆಲಸ. ಟೀವಿ ನೋಡುತ್ತಲೇ ಮಾಡುತ್ತಾರೆ. ನಾಯಿ ಊಟ ಬಿಟ್ಟು ಮೈ ಬಿಸಿಯಾದರೆ, ವಸಡು ಬಿಳಿಚಿದರೆ, ಉಣ್ಣಿ ಜ್ವರ ಇರಬಹುದೆಂದು ತಿಳಿದು ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು, ನಾಳೆ ನೋಡೋಣ ಎನ್ನಬಾರದು.

ನಮ್ಮದು ಶಾಖಾಹಾರಿ ಮನೆ. ತತ್ತಿ ಅಡುಗೆಮನೆಗೆ ಬರುವಂತಿಲ್ಲ, ರೊಟ್ಟಿ-ಹಾಲಿನಲ್ಲಿ ಈ ನಾಯಿ ಬಾಳುವುದಿಲ್ಲ. ಹಿತ್ತಲಿನಲ್ಲಿ ಒಂದು ಬೇರೆ ಒಲೆ, ಬೇರೆ ಪಾತ್ರೆ, ಕುದಿಸುವವರು ನಮ್ಮನೆಯವರು. ಒಣ ತಿನಿಸಿನ ಜೊತೆ ತತ್ತಿ, ಮೊಸರು. ಅಡುಗೆಮನೆಯ ದೊಡ್ಡ ಅಪಾಯ ಮಾತ್ರ ನಮ್ಮ ಜಿಲ್ಲೆಯ ಹೆಮ್ಮೆಯ ಬೆಳೆಯೇ. ಉಳ್ಳಾಗಡ್ಡಿ ಹಸಿಯಿರಲಿ ಬೆಂದಿರಲಿ, ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಬಳ್ಳೊಳ್ಳಿಯೂ ಅಷ್ಟೇ, ದ್ರಾಕ್ಷಿಯಾದರೆ ಮೂತ್ರಪಿಂಡಕ್ಕೆ ಕೇಡು. ಸಂಜೆ ಕಟ್ಟೆಯ ಮೇಲೆ ಉಳ್ಳಾಗಡ್ಡಿ ಹಾಕಿದ ಗಿರ್ಮಿಟ್ ತಿನ್ನುವಾಗ ನಾಯಿ ಕೌದಿಯ ಮೇಲೆ ಇರಬೇಕು. ಇದು ಮಕ್ಕಳಿಗಿಂತ ಬಂದ ಬೀಗರಿಗೆ ಹೇಳುವುದು ಕಷ್ಟ, "ಪಾಪ, ಒಂದು ತುತ್ತು" ಎಂದು ಕೈ ಮುಂದೆ ಮಾಡುತ್ತಾರೆ.

ಏಪ್ರಿಲ್-ಮೇ ಝಳಕ್ಕೆ ತಿರುಗಾಟ ಸೂರ್ಯ ಹುಟ್ಟುವ ಮೊದಲು. ಡಾಂಬರಿನ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುತ್ತೇನೆ, ನನಗೆ ತಾಳದಿದ್ದರೆ ನಾಯಿಗೂ ತಾಳದು. ಕೂದಲು ಬೋಳಿಸಿರಿ ಎಂದು ಸಲಹೆ ಕೊಡುವವರು ಬಹಳ, ಬೋಳಿಸಬಾರದು. ಒಳ ತುಪ್ಪಳದ ಸತ್ತ ಕೂದಲನ್ನು ಬಾಚಿ ತೆಗೆದರೆ ಸಾಕು, ಹೊರಗಿನ ಕೂದಲು ಬಿಸಿಲನ್ನು ತಡೆಯುತ್ತದೆ. ದೀಪಾವಳಿಯ ಪಟಾಕಿಗೆ ಒಳಕೋಣೆ, ಕಾರಹುಣ್ಣಿಮೆಗೂ ಒಳಕೋಣೆ. ಎತ್ತು ಓಡಿಸಿ ಕರಿ ಹರಿಯುವ ದಿನ ಕೋಲಿಯನ್ನು ಬಾಗಿಲಲ್ಲಿ ಬಿಟ್ಟರೆ ಕರಿ ಹರಿಯುವುದು ಅದೇ.

ಮರಿ ಹಾಕಿಸಿ, ನಮಗೊಂದು ಕೊಡ್ರಿ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಜೋಯವ್ವಗೆ ಮಕ್ಕಳಾಗದ ಆಪರೇಷನ್ ಮಾಡಿಸಿದ್ದೇವೆ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ನಾನು ಒಂದೇ ಕೇಳುತ್ತೇನೆ: ಮಧ್ಯಾಹ್ನ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಬೀಗ ಹಾಕಿ ಹೋಗುವ ಮನೆಯಾದರೆ ಕೋಲಿ ಬೇಡ, ಓಣಿಯ ಒಂದು ಮರಿಯನ್ನೇ ತಂದು ರೇಬೀಸ್ ಲಸಿಕೆ ಹಾಕಿಸಿ ಸಾಕಿ ಎನ್ನುತ್ತೇನೆ. ಇಬ್ಬರು ಹಾಗೆ ತಂದಿದ್ದಾರೆ. ಕೌದಿಯ ಪಾಠ ಆ ಮರಿಗಳಿಗೂ ಹೇಳಿಕೊಡುತ್ತಿದ್ದೇನೆ, ಅವು ಜೋಯವ್ವಗಿಂತ ಬೇಗ ಕಲಿಯುತ್ತಿವೆ.