ಮುಗಿಯದ ದೇವರ ವಾದಕ್ಕೆ ಒಂದು ನೋಟ್‌ಬುಕ್

ದಾವಣಗೆರೆಯಲ್ಲಿ ನಮ್ಮದೊಂದು ಭಾನುವಾರದ ಹರಟೆ ಕೂಟ ಇದೆ. ಯಾವ ವಿಷಯ ಎತ್ತಿದರೂ ಮಾತು ಒಂದೇ ಕಡೆ ಬಂದು ನಿಲ್ಲುತ್ತಿತ್ತು. ದೇವರು ಇದ್ದಾನಾ, ಇಲ್ವಾ? ಶಿವ ದೊಡ್ಡವನೋ, ವಿಷ್ಣುವೋ? ಪಕ್ಕದ ಹರಿಹರದಲ್ಲಿ 13ನೇ ಶತಮಾನದಲ್ಲೇ ಇಬ್ಬರನ್ನೂ ಒಂದೇ ಮೂರ್ತಿಯಲ್ಲಿ ನಿಲ್ಲಿಸಿದ್ದಾರೆ. ನಮ್ಮವರಿಗೆ ಅದೂ ಸಾಲಲಿಲ್ಲ! ಹೊಸಬರು ಬರೋದೇ ಬಿಟ್ಟರು.

ಧರ್ಮದ ಮಾತೇ ಬೇಡ ಅಂತ ನಿಯಮ ಮಾಡಿ ನೋಡಿದೆವು. ಜಗಳ ಟೀ ಅಂಗಡಿಗೆ ಹೋಯಿತು, ಅಷ್ಟೇ.

ಕೊನೆಗೆ ಕೈಹಿಡಿದದ್ದು ಹಳೇ ಪದ್ಧತಿ. ಶಾಸ್ತ್ರವಾದಗಳಲ್ಲಿ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಸಿದ್ಧಾಂತ ಆಮೇಲೆ. ನಾವೂ ಹಾಗೇ ಮಾಡಿದೆವು. ಎದುರಿನವರ ಮಾತನ್ನು ನೀವೇ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದೇ" ಅಂದ ಮೇಲಷ್ಟೇ ನಿಮ್ಮ ಸರದಿ. ಜೋರು ಬಾಯಿಯವರೇ ಇಲ್ಲಿ ಜಾಸ್ತಿ ತಡವರಿಸಿದರು.

ಎರಡೂ ಕಡೆಯ ವಾದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಒಂದೊಂದು ಪ್ರಶ್ನೆಗೆ ಒಂದೊಂದು ಪುಟ. ಯಾರಾದರೂ "ಹಾಗಾದ್ರೆ ಜಗತ್ತನ್ನ ಮಾಡಿದ್ದು ಯಾರು?" ಅಂತ ಶುರು ಮಾಡಿದರೆ ಸುಮ್ನೆ ಪುಟ ತೆಗೆದು ಮುಂದಿಡುತ್ತೇನೆ. "ಇದರಲ್ಲಿ ಇಲ್ಲದ್ದು ಇದ್ದರೆ ಹೇಳಿ ಸರ್" ಅನ್ನುತ್ತೇನೆ. ಸಾಮಾನ್ಯವಾಗಿ ಇರಲ್ಲ. ಮೊನ್ನೆ ಮಾತ್ರ ಕರ್ಮದ ಬಗ್ಗೆ ಒಬ್ಬರು ಕೇಳಿದ ಪ್ರಶ್ನೆಗೆ ಹೊಸ ಪುಟವೇ ಬೇಕಾಯಿತು.